ಕಿರಿಯರ ಪಟ್ಟವೂ ಹಿರಿಯರ ಹೊಣೆಯೂ

ಶಾಲೆಯ ವಾರ್ಷಿಕೋತ್ಸವದಲ್ಲಿ ಪಾರಿತೋಷಕ ವಿತರಣೆಯ ಘಟ್ಟ ಬಂದಾಗ ಸಭೆಯಲ್ಲಿ ಒಂದು ಸಂಚಲನ ಉಂಟಾಗುವುದು ಸಹಜ. ಹೆಸರು ಕೂಗಿದೊಡನೆ ಬಾಲಕನೊಬ್ಬನು ವೇದಿಕೆಯೇರಿ, ಪೂಜ್ಯರ ಪಾದಗಳಿಗೆರಗಿ, ಬೆಳ್ಳಿಯ ಬಟ್ಟಲನ್ನು ಎದೆಗವಚಿಕೊಂಡು ಕೆಳಗಿಳಿಯುತ್ತಾನೆ. ತಂದೆತಾಯಿಗಳ ಕಣ್ಣು ತೇವಗೊಳ್ಳುತ್ತದೆ. ದಾನಿಗಳು ತಮ್ಮ ದತ್ತಿ ಸಾರ್ಥಕವಾಯಿತೆಂದು ತಲೆದೂಗುತ್ತಾರೆ. ಮರುವರ್ಷ ಬೇರೊಬ್ಬ ಬಾಲಕ, ಬೇರೊಂದು ಬಟ್ಟಲು. ಹಿಂದಿನವನು ಏನಾದನೆಂಬ ಪ್ರಶ್ನೆಯನ್ನು ಕೇಳುವವರು ಮಾತ್ರ ವಿರಳ.

ಈ ಪ್ರಶ್ನೆಯನ್ನು ಲೋಕದ ಮಟ್ಟದಲ್ಲಿ ಕೇಳಿ ನೋಡಲು ಅನುಕೂಲವಾದ ಪಟ್ಟಿಯೊಂದುಂಟು. ಇಪ್ಪತ್ತು ವರ್ಷದೊಳಗಿನವರಿಗಾಗಿ ನಡೆಯುವ ವಿಶ್ವ ಕಿರಿಯರ ಚದುರಂಗ ಸ್ಪರ್ಧೆಯ ವಿಜೇತರ ಪಟ್ಟಿಯೇ ಅದು. ಚದುರಂಗದಲ್ಲಿ ಭಾರತದ ಕಿರಿಯರು ಮೇಲಿಂದ ಮೇಲೆ ಗೆಲ್ಲುತ್ತಿರುವ ಈ ಕಾಲದಲ್ಲಿ, ಎಂಟು ವರ್ಷದ ಕೂಸನ್ನು ಶಾಲೆ ಬಿಡಿಸಿ ಹಲಗೆಯ ಮುಂದೆ ಕೂರಿಸುವ ಪೋಷಕರೂ ಇದ್ದಾರೆ. ಆಟವೆಂದರೆ ಓದಿಗೆ ವೈರಿಯೆಂದು ಹಲಗೆಯನ್ನು ಅಟ್ಟಕ್ಕೆ ಎಸೆಯುವವರೂ ಇದ್ದಾರೆ. ಇಬ್ಬರೂ ಆ ಪಟ್ಟಿಯನ್ನು ಸಾವಧಾನವಾಗಿ ಓದುವುದು ಒಳಿತು.

ಚದುರಂಗವು ಈ ನೆಲದ ವಿದ್ವತ್ತಿಗೆ ಅನ್ಯವಾದ ವಸ್ತುವೇನೂ ಅಲ್ಲ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ಕುದುರೆಯ ನಡೆಯನ್ನನುಸರಿಸಿ ಅಕ್ಷರಗಳನ್ನು ಜೋಡಿಸುವ ಚಿತ್ರಬಂಧವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಈ ಆಟವನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಹಲಗೆಯಾಟಗಳಿಗೆಂದೇ ಕೌತುಕನಿಧಿಯೆಂಬ ಭಾಗವಿದೆ. ಧರ್ಮರಾಜನು ಜೂಜಿನಲ್ಲಿ ಕೆಟ್ಟನೆಂಬ ಕಥೆಯನ್ನು ಮುಂದೊಡ್ಡಿ ಚದುರಂಗವನ್ನು ಹಳಿಯುವವರು, ಪಗಡೆಯಲ್ಲಿ ದಾಳವುಂಟು, ಇಂದಿನ ಚದುರಂಗದಲ್ಲಿಲ್ಲ ಎಂಬುದನ್ನು ಮರೆಯುತ್ತಾರೆ. ಇರಲಿ, ಪ್ರಕೃತ ವಿಷಯ ಅದಲ್ಲ.

ಈ ಸ್ಪರ್ಧೆ ಮೊದಲು ನಡೆದದ್ದು 1951ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಗೆದ್ದವನು ಯುಗೊಸ್ಲಾವಿಯದ ಬೋರಿಸ್ಲಾವ್ ಇವ್ಕೋವ್, ಆಗ ಹದಿನೇಳು ವರ್ಷದವನು. 1973ರವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷವರ್ಷವೂ, ಮಹಾಮಾರಿಯಿಂದ ನಿಂತ 2020 ಮತ್ತು 2021ರ ಹೊರತು, ಅದು ನಡೆದುಬಂದಿದೆ. ಹೀಗೆ ಗೆದ್ದ ತರುಣರಲ್ಲಿ ಮುಂದೆ ಹಿರಿಯರ ವಿಶ್ವಪಟ್ಟವನ್ನೇರಿದವರು ನಾಲ್ವರೇ: ಸ್ಪಾಸ್ಕಿ, ಕಾರ್ಪೊವ್, ಕ್ಯಾಸ್ಪರೊವ್, ಆನಂದ್. ಅತ್ತ ಫಿಷರನು ಈ ಕಿರಿಯರ ಪಟ್ಟವನ್ನು ಗೆದ್ದವನಲ್ಲ; ಕಾರ್ಲ್‌ಸೆನ್ನನೂ ಅಲ್ಲ; 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟರ ಹರೆಯದಲ್ಲಿ ವಿಶ್ವವಿಜೇತನಾದ ಚೆನ್ನೈಯ ಗುಕೇಶನೂ ಅಲ್ಲ. ಬಟ್ಟಲು ಬಂದವನಿಗೆ ಸಿಂಹಾಸನವೂ ಬರುತ್ತದೆಂಬ ನಿಯಮ ಎಲ್ಲಿಯೂ ಕಾಣದು.

ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಹೆಸರುಗಳನ್ನು ಬಿಡಿಸಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾದೀತು. 1955ರಲ್ಲಿ ಆಂಟ್‌ವರ್ಪಿನಲ್ಲಿ ಗೆದ್ದವನು ರಷ್ಯದ ಬೋರಿಸ್ ಸ್ಪಾಸ್ಕಿ; 1957ರಲ್ಲಿ ಟೊರಾಂಟೊದಲ್ಲಿ ಗೆದ್ದವನು ಅಮೆರಿಕದ ವಿಲಿಯಂ ಲೊಂಬಾರ್ಡಿ. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ, 1937ರಲ್ಲಿ.

ಸ್ಪಾಸ್ಕಿಯ ಬಾಲ್ಯ ಲೆನಿನ್‌ಗ್ರಾಡಿನ ಮುತ್ತಿಗೆಯ ನೆರಳಿನಲ್ಲಿ ಕಳೆಯಿತು. ಯುದ್ಧಕಾಲದಲ್ಲಿ ಊರಿನಿಂದ ಸಾಗಿಸಲ್ಪಟ್ಟ ಮಕ್ಕಳಲ್ಲಿ ಅವನೂ ಒಬ್ಬ. ಚದುರಂಗದ ನಡೆಗಳನ್ನು ಕಲಿತದ್ದು ಆ ದಿಕ್ಕೆಟ್ಟ ದಿನಗಳಲ್ಲಿಯೇ. ಯುದ್ಧ ಮುಗಿದು ಊರಿಗೆ ಮರಳಿದ ಬಾಲಕನು ಅಲ್ಲಿನ ಉದ್ಯಾನದ ಚದುರಂಗ ಮಂಟಪದಲ್ಲಿ ದೊಡ್ಡವರು ಆಡುವುದನ್ನು ನೋಡುತ್ತ ಹಗಲೆಲ್ಲ ನಿಂತಿರುತ್ತಿದ್ದನು. ಬಳಿಕ ಮಕ್ಕಳಿಗಾಗಿ ಸರ್ಕಾರ ನಡೆಸುತ್ತಿದ್ದ ಪಯೊನೀರ್ ಭವನದಲ್ಲಿ ವ್ಲಾದಿಮಿರ್ ಝಾಕ್ ಎಂಬ ಉಪಾಧ್ಯಾಯನ ಕೈಗೆ ಬಿದ್ದನು. ಚಿಕ್ಕಂದಿನಲ್ಲಿಯೇ ದೊರೆತ ವಿದ್ಯಾರ್ಥಿವೇತನವು ಕಷ್ಟದಲ್ಲಿದ್ದ ಮನೆಗೆ ಆಸರೆಯಾಯಿತು. ಮಂಟಪ, ಭವನ, ಉಪಾಧ್ಯಾಯ, ವೇತನ ಎಂಬ ಈ ನಾಲ್ಕನ್ನು ದಾನಿಗಳಾದವರು ನೆನಪಿಡತಕ್ಕದ್ದು. ಬಟ್ಟಲು ಬಂದದ್ದು ಇವೆಲ್ಲವುಗಳ ಅನಂತರ.

ಲೊಂಬಾರ್ಡಿಯು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಕೇರಿಯಲ್ಲಿ ಬೆಳೆದವನು. ಟೊರಾಂಟೊದಲ್ಲಿ ಅವನು ಮಾಡಿದ್ದು ಈ ಸ್ಪರ್ಧೆಯ ಇತಿಹಾಸದಲ್ಲಿಯೇ ಸಾಟಿಯಿಲ್ಲದ ಸಾಧನೆ. ಹನ್ನೊಂದು ಆಟಗಳಲ್ಲಿ ಹನ್ನೊಂದನ್ನೂ ಗೆದ್ದನು. ಒಂದೇ ಒಂದು ಆಟವೂ ಸಮವಾಗಲಿಲ್ಲ. ಕಾರ್ಪೊವನಾಗಲಿ ಕ್ಯಾಸ್ಪರೊವನಾಗಲಿ ಇದನ್ನು ಮಾಡಲಾಗಲಿಲ್ಲ. 1960ರಲ್ಲಿ ಲೆನಿನ್‌ಗ್ರಾಡಿನಲ್ಲಿಯೇ ನಡೆದ ವಿದ್ಯಾರ್ಥಿಗಳ ವಿಶ್ವ ತಂಡ ಸ್ಪರ್ಧೆಯಲ್ಲಿ ಅವನು ಸ್ಪಾಸ್ಕಿಯನ್ನು ಅವನ ತವರಿನಲ್ಲಿಯೇ ಸೋಲಿಸಿದನು; ಅಮೆರಿಕದ ತಂಡವೇ ಮೊದಲ ಸ್ಥಾನ ಪಡೆಯಿತು. ಅಂದಿನ ಜೋಯಿಸರು ಯಾರಾದರೂ ಮುಂದಿನ ವಿಶ್ವವಿಜೇತನ ಹೆಸರನ್ನು ಹೇಳಬೇಕಾಗಿದ್ದರೆ ಲೊಂಬಾರ್ಡಿಯ ಹೆಸರನ್ನು ಹೇಳಿದ್ದರೂ ಆಶ್ಚರ್ಯವಿಲ್ಲ.

ಆದರೆ ಅವನು ಹಿಡಿದ ದಾರಿ ಬೇರೆ. ಗುರುಕುಲವನ್ನು ಸೇರಿ ದೇವತಾಶಾಸ್ತ್ರವನ್ನು ಓದಿ, 1967ರಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿ ದೀಕ್ಷೆ ಪಡೆದನು. ಮಠವೊಂದರ ಆಶ್ರಯದಲ್ಲಿ ನಡೆಯುವ ಶಾಲೆಯ ವಾಚಕರಿಗೆ ಈ ನಿರ್ಧಾರ ವಿಚಿತ್ರವೆಂದು ತೋರಲಾರದು. ಲೋಕಖ್ಯಾತಿಯ ಹೊಸ್ತಿಲಿನಲ್ಲಿ ನಿಂತವನು ಒಳಗಿನ ಕರೆಗೆ ಓಗೊಟ್ಟು ತಿರುಗಿ ನಡೆಯುವುದು ಇಲ್ಲಿಯೂ ಅಪೂರ್ವವಲ್ಲ. ಪಾಶ್ಚಾತ್ಯ ಚದುರಂಗ ಲೇಖಕರಲ್ಲಿ ಕೆಲವರು ಇದನ್ನು ಪ್ರತಿಭೆಯ ಅಪವ್ಯಯವೆಂಬಂತೆ ಕಾಣುವುದುಂಟು. ಆ ಮಾತು ಒಪ್ಪತಕ್ಕದ್ದಲ್ಲ. ಹನ್ನೊಂದಕ್ಕೆ ಹನ್ನೊಂದು ಗೆದ್ದ ಮೇಲೆ ಆ ತರುಣನು ಆಟಕ್ಕೆ ಸಲ್ಲಿಸಬೇಕಾಗಿದ್ದ ಋಣ ಯಾವುದೂ ಉಳಿದಿರಲಿಲ್ಲ.

ಇವರಿಬ್ಬರ ದಾರಿ ಮತ್ತೆ ಕೂಡಿದ್ದು 1972ರಲ್ಲಿ, ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರದಲ್ಲಿ. ಸ್ಪಾಸ್ಕಿಯು ಆಗ ಪಟ್ಟದಲ್ಲಿದ್ದ ವಿಶ್ವವಿಜೇತ. ಸವಾಲೆಸೆದವನು ಬಾಬಿ ಫಿಷರ್. ಫಿಷರನ ಪಕ್ಕದಲ್ಲಿ ಸಹಾಯಕನಾಗಿ ಬಂದವನು ಪಾದ್ರಿ ಲೊಂಬಾರ್ಡಿ. ಅಂದಿನ ಪದ್ಧತಿಯಂತೆ ಮುಗಿಯದ ಆಟವನ್ನು ಮರುದಿನಕ್ಕೆ ಮುಂದೂಡುತ್ತಿದ್ದರು. ರಾತ್ರಿಯೆಲ್ಲ ಕುಳಿತು ಆ ಸ್ಥಿತಿಯನ್ನು ಶೋಧಿಸುವುದು ಸಹಾಯಕನ ಕೆಲಸ. ತನಗಿಂತ ಐದು ವರ್ಷ ಕಿರಿಯನಾದವನ ಗೆಲವಿಗಾಗಿ ಈ ಹಳೆಯ ವಿಜೇತನು ತೆರೆಯ ಹಿಂದೆ ದುಡಿದನು. ಫಿಷರನು ಮೊದಲ ಆಟವನ್ನು ಸೋತು, ಎರಡನೆಯದಕ್ಕೆ ಬಾರದೆಯೇ ಕಳೆದುಕೊಂಡನು. ಆಗ ಸ್ಪಾಸ್ಕಿಯು ಹಠ ಹಿಡಿದು ಊರಿಗೆ ಮರಳಿದ್ದರೆ ಪಟ್ಟ ಅವನಲ್ಲಿಯೇ ಉಳಿಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಎದುರಾಳಿಯ ಕೋರಿಕೆಗೆ ಮಣಿದು ಮೂರನೆಯ ಆಟವನ್ನು ಸಭಾಂಗಣ ಬಿಟ್ಟು ಹಿಂದಿನ ಚಿಕ್ಕ ಕೋಣೆಯಲ್ಲಿ ಆಡಲು ಒಪ್ಪಿದನು, ಸೋತನು. ಆರನೆಯ ಆಟದಲ್ಲಿ ಫಿಷರನ ಆಟದ ಸೊಗಸಿಗೆ ಸಭೆ ಚಪ್ಪಾಳೆ ತಟ್ಟಿದಾಗ ಸೋತ ಸ್ಪಾಸ್ಕಿಯೂ ಕೈಗೂಡಿಸಿದನು. ಕೊನೆಗೆ ಹನ್ನೆರಡೂವರೆಗೆ ಎಂಟೂವರೆ ಅಂಕಗಳಿಂದ ಪಟ್ಟವನ್ನು ಬಿಟ್ಟುಕೊಟ್ಟನು. 2025ರ ಫೆಬ್ರವರಿಯಲ್ಲಿ ಸ್ಪಾಸ್ಕಿ ತೀರಿಕೊಂಡಾಗ ಜನ ನೆನೆದದ್ದು ಆ ಚಪ್ಪಾಳೆಯನ್ನು.

ಲೊಂಬಾರ್ಡಿಯ ಮುಪ್ಪು ಮಾತ್ರ ಕರುಣಾಜನಕ. ಕಾಲಾಂತರದಲ್ಲಿ ಪಾದ್ರಿಯ ವೃತ್ತಿಯನ್ನು ಬಿಟ್ಟು ಗೃಹಸ್ಥನಾದನು. ಎಪ್ಪತ್ತೆಂಟರ ವಯಸ್ಸಿನಲ್ಲಿ, 2016ರಲ್ಲಿ, ಬಾಡಿಗೆಯ ಬಾಕಿಯಿಂದಾಗಿ ದಶಕಗಳ ಕಾಲ ವಾಸವಿದ್ದ ಮನೆಯನ್ನು ತೆರವು ಮಾಡಬೇಕಾಯಿತು. ಮರುವರ್ಷ ಕ್ಯಾಲಿಫೋರ್ನಿಯದಲ್ಲಿ ಸ್ನೇಹಿತನ ಮನೆಯಲ್ಲಿ ಪ್ರಾಣ ಬಿಟ್ಟನು. ಹನ್ನೊಂದಕ್ಕೆ ಹನ್ನೊಂದು ಎಂಬ ಅಂಕಪಟ್ಟಿ ಮುಪ್ಪಿನಲ್ಲಿ ಸೂರನ್ನು ಕೊಡಲಿಲ್ಲ. ಶಾಲೆ ಬಿಡಿಸಿ ಆಟಕ್ಕೆ ಹಚ್ಚುವ ಪೋಷಕರು ಈ ಒಂದು ಬಾಳನ್ನು ಓದಿಕೊಂಡರೆ ಸಾಕು. ಆಟದಿಂದ ಅವನು ಕೆಟ್ಟನೆಂದು ಇದರ ಅರ್ಥವಲ್ಲ. ಗೆಲವು ಬೇರೆ, ಕಾಯಕ ಬೇರೆ. ಒಂದಿದ್ದ ಮಾತ್ರಕ್ಕೆ ಇನ್ನೊಂದರ ಏರ್ಪಾಡು ತಾನಾಗಿ ಆಗುವುದಿಲ್ಲ.

ಈ ಏರ್ಪಾಡನ್ನು ಬೇಗನೆ ಮಾಡಿಕೊಂಡವರೂ ಪಟ್ಟಿಯಲ್ಲಿದ್ದಾರೆ. 1953ರಲ್ಲಿ ಗೆದ್ದ ಅರ್ಜೆಂಟೀನದ ಆಸ್ಕರ್ ಪಾನೊ ಗ್ರ್ಯಾಂಡ್‌ಮಾಸ್ಟರನೂ ಆದನು, ಎಂಜಿನಿಯರನೂ ಆದನು. 1967ರ ವಿಜೇತ ಹೂಲಿಯೊ ಕಪ್ಲಾನನು ಮುಂದೆ ಚದುರಂಗವಾಡುವ ಗಣಕಯಂತ್ರಗಳ ನಿರ್ಮಾಣಕ್ಕೆ ತೊಡಗಿದನು. 1997ರ ವಿಜೇತ ಟಾಲ್ ಶಾಕೆಡ್ ಗಣಕವಿಜ್ಞಾನಿಯಾದನು. 1971ರಲ್ಲಿ ಅಥೆನ್ಸಿನಲ್ಲಿ ಗೆದ್ದ ಸ್ವಿಟ್ಜರ್‌ಲ್ಯಾಂಡಿನ ವೆರ್ನರ್ ಹುಗ್ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನೇ ಮುಟ್ಟಲಿಲ್ಲ. ಇವರಾರೂ ಸೋತವರಲ್ಲ.

ಇನ್ನು ಉಪಾಧ್ಯಾಯರಿಗೆ ಸಂಬಂಧಿಸಿದ ಒಂದು ಮಾತು. ಉರಾಲ್ ಸೀಮೆಯ ಝ್ಲತೋಸ್ತ್ ಎಂಬ ಕಾರ್ಖಾನೆಯ ಊರಿನಲ್ಲಿ ಹುಟ್ಟಿದ ಅನಾತೋಲಿ ಕಾರ್ಪೊವನು ಹನ್ನೆರಡು ವರ್ಷದ ಸಣಕಲು ಹುಡುಗನಾಗಿ ಬೊತ್ವಿನ್ನಿಕನ ಚದುರಂಗ ಶಾಲೆಯನ್ನು ಸೇರಿದನು. ಬೊತ್ವಿನ್ನಿಕನೆಂದರೆ ಸಾಮಾನ್ಯ ಗುರುವಲ್ಲ, ಮೂರು ಬಾರಿ ವಿಶ್ವಪಟ್ಟವನ್ನೇರಿದವನು. ಅಂಥವನೂ ಈ ಹುಡುಗನಿಗೆ ಚದುರಂಗದಲ್ಲಿ ಭವಿಷ್ಯವಿಲ್ಲವೆಂದು ಮೊದಲು ಎಣಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ಆ ಹುಡುಗನೇ 1969ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಿರಿಯರ ಪಟ್ಟವನ್ನು, 1975ರಲ್ಲಿ ಹಿರಿಯರ ಪಟ್ಟವನ್ನು ಪಡೆದನು. ಬೊತ್ವಿನ್ನಿಕನ ಹಿರಿಮೆ ಇರುವುದು ತನ್ನ ಎಣಿಕೆ ಏನೇ ಇದ್ದರೂ ಹುಡುಗನನ್ನು ಶಾಲೆಯಿಂದ ಹೊರಗಟ್ಟದಿದ್ದುದರಲ್ಲಿ. ಏಳನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಬಾಕು ನಗರದ ಗ್ಯಾರಿ ಕ್ಯಾಸ್ಪರೊವನು ಮುಂದೆ ಅದೇ ಶಾಲೆಗೆ ಬಂದು ಕಲಿತು, 1980ರಲ್ಲಿ ಡಾರ್ಟ್‌ಮುಂಡಿನಲ್ಲಿ ಕಿರಿಯರ ವಿಜೇತನಾದನು. 1985ರಲ್ಲಿ ಕಾರ್ಪೊವನನ್ನೇ ಸೋಲಿಸಿ ವಿಶ್ವಪಟ್ಟವನ್ನೇರಿದನು. ಒಂದೇ ಗುರುವಿನ ಇಬ್ಬರು ಶಿಷ್ಯರು, ಒಬ್ಬನನ್ನು ಗುರು ಮೊದಲೇ ಗುರುತಿಸಿದನು, ಇನ್ನೊಬ್ಬನನ್ನು ಗುರುತಿಸಲಿಲ್ಲ. ಇಬ್ಬರಿಗೂ ಕೂರಲು ಹಲಗೆಯಿತ್ತು. ಐದನೆಯ ತರಗತಿಯ ಹುಡುಗನ ಹಣೆಬರಹವನ್ನು ಮೊದಲ ಕಿರುಪರೀಕ್ಷೆಯಲ್ಲಿಯೇ ಓದಿ ಹೇಳುವ ಉಪಾಧ್ಯಾಯರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಭಾರತಕ್ಕೆ ಈ ಪಟ್ಟ ಮೊದಲು ಬಂದದ್ದು 1987ರಲ್ಲಿ, ಫಿಲಿಪ್ಪೀನ್ಸಿನ ಬಾಗಿಯೊ ಎಂಬ ಗಿರಿಧಾಮದಲ್ಲಿ. ತಂದುಕೊಟ್ಟವನು ಹದಿನೇಳು ವರ್ಷದ ವಿಶ್ವನಾಥನ್ ಆನಂದ್. ಆ ದೇಶ ಅವನಿಗೆ ಹೊಸತೇನಲ್ಲ. ಆರನೆಯ ವಯಸ್ಸಿನಲ್ಲಿ ತಾಯಿಯಿಂದ ಆಟ ಕಲಿತ ಬಾಲಕನು, ತಂದೆಯ ಉದ್ಯೋಗದ ನಿಮಿತ್ತ ಕೆಲಕಾಲ ಮನಿಲಾದಲ್ಲಿದ್ದನು. ಅಲ್ಲಿಯ ದೂರದರ್ಶನದಲ್ಲಿ ಮಧ್ಯಾಹ್ನ ಚದುರಂಗದ ಕಾರ್ಯಕ್ರಮವೊಂದು ಬರುತ್ತಿತ್ತು. ಕೊನೆಯಲ್ಲಿ ಒಂದು ಸಮಸ್ಯೆ. ಆ ಹೊತ್ತಿಗೆ ಬಾಲಕನು ಶಾಲೆಯಲ್ಲಿರುತ್ತಿದ್ದನು. ತಾಯಿಯು ಅದನ್ನು ಬರೆದಿಟ್ಟುಕೊಂಡು, ಮಗನು ಮನೆಗೆ ಬಂದ ಮೇಲೆ ಇಬ್ಬರೂ ಕುಳಿತು ಬಿಡಿಸಿ ಉತ್ತರ ಕಳುಹಿಸುತ್ತಿದ್ದರು. ಬಹುಮಾನವೆಂದರೆ ಒಂದು ಪುಸ್ತಕ. ಎಷ್ಟು ಬಾರಿ ಗೆದ್ದನೆಂದರೆ, ಬೇಕಾದಷ್ಟು ಪುಸ್ತಕ ಒಯ್ದುಕೋ, ಉತ್ತರ ಮಾತ್ರ ಇನ್ನು ಕಳುಹಿಸಬೇಡ ಎಂದು ಅಲ್ಲಿಯವರೇ ಹೇಳಬೇಕಾಯಿತು! ಸಮಸ್ಯಾಪೂರ್ತಿಯ ಪರಂಪರೆಯಲ್ಲಿ ಬೆಳೆದ ಯಾವ ವಿದ್ವಾಂಸನಿಗಾದರೂ ಈ ಪ್ರಸಂಗ ಹರ್ಷ ತರದೆ ಇರದು.

ಇಲ್ಲಿ ಗಮನಿಸಬೇಕಾದುದು ತಾಯಿಯ ಆ ಕಾಗದದ ತುಂಡು. ಸಮಸ್ಯೆ ಬಿಡಿಸಲೆಂದು ಆಕೆ ಮಗನ ಶಾಲೆ ತಪ್ಪಿಸಲಿಲ್ಲ. ಶಾಲೆಯಿದೆಯೆಂದು ಸಮಸ್ಯೆಯನ್ನು ಬಿಡಲೂ ಇಲ್ಲ. ಚೆನ್ನೈಯಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದ ಆಶ್ರಯದಲ್ಲಿದ್ದ ಟಾಲ್ ಚದುರಂಗ ಸಂಘವು ಆನಂದನಿಗೆ ಸ್ಪಾಸ್ಕಿಯ ಮಂಟಪದಂತೆಯೇ ಒದಗಿತು. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರನಾದ ಆನಂದನು ಕಾಲೇಜನ್ನು ಬಿಡದೆ ವಾಣಿಜ್ಯ ಪದವಿಯನ್ನೂ ಪಡೆದನು. ಕಾರ್ಪೊವನು ಅರ್ಥಶಾಸ್ತ್ರವನ್ನು, ಸ್ಪಾಸ್ಕಿಯು ಪತ್ರಿಕೋದ್ಯಮವನ್ನು ವಿಶ್ವವಿದ್ಯಾಲಯದಲ್ಲಿ ಓದಿದವರೇ. ವಿಶ್ವಪಟ್ಟ ಆನಂದನಿಗೆ ಬಂದದ್ದು 2000ದಲ್ಲಿ. ಪ್ರತಿಪಕ್ಷವಿಲ್ಲದ ಏಕೈಕ ಪಟ್ಟ 2007ರಲ್ಲಿ. ಬಾಗಿಯೊದಿಂದ ಅಲ್ಲಿಗೆ ಇಪ್ಪತ್ತು ವರ್ಷ. ಇಂದು ಬಿತ್ತಿ ನಾಳೆ ಕೊಯ್ಯುವ ಆತುರ ಇರುವವರು ಈ ಅಂತರವನ್ನು ಎಣಿಸಿಕೊಳ್ಳಬೇಕು.

ಬಟ್ಟಲಿನ ನ್ಯಾಯ ಎಷ್ಟು ತೆಳುವಾದುದೆಂಬುದಕ್ಕೆ ಮರುವರ್ಷದ ಸ್ಪರ್ಧೆಯೇ ನಿದರ್ಶನ. 1988ರಲ್ಲಿ ಅಡಿಲೇಡಿನಲ್ಲಿ ನಾಲ್ವರು ಸಮನಾದ ಅಂಕ ಗಳಿಸಿದರು. ಸಮಾನರ ನಡುವೆ ಮೇಲುಗೈಯನ್ನು ನಿರ್ಣಯಿಸುವ ಲೆಕ್ಕಾಚಾರದಲ್ಲಿ ಫ್ರಾನ್ಸಿನ ಹದಿನೈದು ವರ್ಷದ ಜೋಯೆಲ್ ಲೊತಿಯೆಗೆ ಪಟ್ಟ ದೊರಕಿತು. ಉಳಿದ ಮೂವರಲ್ಲಿ ಇಬ್ಬರು ವಾಸಿಲ್ ಇವಾಂಚುಕ್ ಮತ್ತು ಬೋರಿಸ್ ಗೆಲ್ಫಾಂಡ್. ಬರಿಗೈಯಲ್ಲಿ ಮರಳಿದ ಆ ಗೆಲ್ಫಾಂಡನೇ 2012ರಲ್ಲಿ ಮಾಸ್ಕೋದಲ್ಲಿ ಆನಂದನೆದುರು ವಿಶ್ವಪಟ್ಟಕ್ಕಾಗಿ ಕುಳಿತನು. ಮೊದಲನೆಯವನ ಹೆಸರನ್ನು ಮಾತ್ರ ಫಲಕದಲ್ಲಿ ಕೆತ್ತಿಸುವ ಶಾಲೆಗಳು ಒಬ್ಬ ಗೆಲ್ಫಾಂಡನನ್ನು ಕಳೆದುಕೊಂಡರೂ ಅವಕ್ಕೆ ತಿಳಿಯುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳದಿದ್ದರೆ ಲೇಖನ ಅಪೂರ್ಣ. ಅವರ ಸ್ಪರ್ಧೆ ಆರಂಭವಾದದ್ದು 1982ರಲ್ಲಿ, ಬಾಲಕರಿಗಿಂತ ಮೂರು ದಶಕ ತಡವಾಗಿ. 2001ರಲ್ಲಿ ಆಂಧ್ರದ ಕೊನೇರು ಹಂಪಿಯು ಅಥೆನ್ಸಿನಲ್ಲಿ ಗೆದ್ದಾಗ ಆಕೆಗೆ ಹದಿನಾಲ್ಕು ವರ್ಷ. 2008ರಲ್ಲಿ ದ್ರೋಣವಲ್ಲಿ ಹಾರಿಕಾ, 2009ರಲ್ಲಿ ಸೌಮ್ಯಾ ಸ್ವಾಮಿನಾಥನ್, 2024ರಲ್ಲಿ ಗಾಂಧಿನಗರದಲ್ಲಿ ನಾಗಪುರದ ದಿವ್ಯಾ ದೇಶ್‌ಮುಖ್. ಬಾಲಕರ ಸಾಲಿನಲ್ಲಿ ಆನಂದನ ತರುವಾಯ 2004ರಲ್ಲಿ ಕೊಚ್ಚಿಯಲ್ಲಿ ಪೆಂಟಲ ಹರಿಕೃಷ್ಣ, 2008ರಲ್ಲಿ ಅಭಿಜಿತ್ ಗುಪ್ತಾ, 2025ರಲ್ಲಿ ಮಾಂಟೆನೆಗ್ರೊದಲ್ಲಿ ಚೆನ್ನೈಯ ಪ್ರಣವ್ ವೆಂಕಟೇಶ್. ಎರಡೂ ಸಾಲುಗಳಲ್ಲಿ ನಾಲ್ಕು ನಾಲ್ಕು ಹೆಸರು. 2025ರ ಜುಲೈಯಲ್ಲಿ ಜಾರ್ಜಿಯದ ಬತುಮಿಯಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪಿನ ಅಂತಿಮ ಸ್ಪರ್ಧೆಯಲ್ಲಿ ಎದುರುಬದುರಾದವರು ಇದೇ ಹಂಪಿ ಮತ್ತು ದಿವ್ಯಾ. ಗೆದ್ದವಳು ಹತ್ತೊಂಬತ್ತರ ದಿವ್ಯಾ. ಹಂಪಿಯು ಮಗುವಿನ ತಾಯಿಯಾಗಿ ಎರಡು ವರ್ಷ ಆಟದಿಂದ ದೂರವಿದ್ದು ಮರಳಿ ಬಂದು, 2019ರಲ್ಲಿಯೂ 2024ರಲ್ಲಿಯೂ ಶೀಘ್ರ ಚದುರಂಗದ ವಿಶ್ವಪಟ್ಟವನ್ನು ಗೆದ್ದವಳು. ಅಂತರಶಾಲಾ ಸ್ಪರ್ಧೆಗೆ ಬಾಲಕರ ತಂಡವನ್ನು ಕಳುಹಿಸಿ, ಬಾಲಕಿಯರಿಗೆ ರಂಗವಲ್ಲಿಯ ಸ್ಪರ್ಧೆಯೇ ಸಾಕೆಂದು ಭಾವಿಸುವವರಿಗೆ ಬೇರೆ ಉತ್ತರ ಬೇಕಾಗಿಲ್ಲ.

ಕನ್ನಡನಾಡು ಈ ಹಾದಿಯಲ್ಲಿ ತಡವಾಗಿ ಬಂದಿತು. ಆನಂದನು ಗ್ರ್ಯಾಂಡ್‌ಮಾಸ್ಟರನಾಗಿ ಸುಮಾರು ಮೂರು ದಶಕಗಳಾದ ಮೇಲೆ, 2017ರಲ್ಲಿ, ಮೈಸೂರಿನ ತೇಜ್‌ಕುಮಾರರು ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರರಾದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ರೊಮೇನಿಯದ ಮಾಮಾಯದಲ್ಲಿ ಹದಿನಾರರೊಳಗಿನವರ ವಿಶ್ವಪಟ್ಟವನ್ನು ಗೆದ್ದನು. ಗ್ರ್ಯಾಂಡ್‌ಮಾಸ್ಟರ್ ಪದವಿಯೂ ಅದೇ ಸಂದರ್ಭದಲ್ಲಿ ಕೈಗೂಡಿತು. ತಡವಾಯಿತೆಂದು ಕೊರಗುವುದಕ್ಕಿಂತ, ಚೆನ್ನೈಯಲ್ಲಿದ್ದಂತಹ ಮಂಟಪಗಳು ಈ ನಾಡಿನ ತಾಲ್ಲೂಕುಗಳಲ್ಲಿ ಎಷ್ಟಿವೆಯೆಂದು ಕೇಳಿಕೊಳ್ಳುವುದು ಯುಕ್ತ.

ಮಠಗಳ ಶಾಲೆಗಳಿಗೆ ಇಲ್ಲಿ ಒಂದು ಸಹಜವಾದ ಅನುಕೂಲವಿದೆ. ಪ್ರಸಾದನಿಲಯದಲ್ಲಿ ನೂರಾರು ಮಕ್ಕಳು ಒಂದೇ ಸೂರಿನಡಿ ಇರುತ್ತಾರೆ; ಸಂಜೆಯ ಪ್ರಾರ್ಥನೆಗೂ ಪ್ರಸಾದಕ್ಕೂ ನಡುವೆ ಒಂದು ಗಂಟೆಯ ಬಿಡುವಿರುತ್ತದೆ. ಇಪ್ಪತ್ತೈದು ಹಲಗೆಗಳಿದ್ದರೆ ಐವತ್ತು ಮಕ್ಕಳು ಏಕಕಾಲದಲ್ಲಿ ಕೂರಬಹುದು. ಅನ್ನದಾಸೋಹದಲ್ಲಿ ಮೊದಲ ಪಂಕ್ತಿ, ಕಡೆಯ ಪಂಕ್ತಿ ಎಂಬ ಭೇದವಿಲ್ಲ; ಜಾಣನಿಗೆ ಎರಡು ರೊಟ್ಟಿ, ಮಂದನಿಗೆ ಒಂದು ಎಂಬ ಲೆಕ್ಕವಿಲ್ಲ. ಆಟದ ಹಲಗೆಯನ್ನು ಬಡಿಸುವಾಗಲೂ ಅದೇ ಕ್ರಮ ಸಲ್ಲುತ್ತದೆ. ಒಬ್ಬ ವಿಜೇತನಿಗೆ ಬೆಳ್ಳಿಯ ಬಟ್ಟಲು ಕೊಡಿಸಲು ದತ್ತಿಯಿಡುವ ಉದಾರಿಗಳು ಆ ಬಡ್ಡಿಯ ಹಣವನ್ನು ಹಲಗೆಗಳಿಗೆ, ಕನ್ನಡದಲ್ಲಿ ಚದುರಂಗದ ಪುಸ್ತಕಗಳನ್ನು ಬರೆಯಿಸುವುದಕ್ಕೆ, ಸಂಜೆ ಒಂದು ಗಂಟೆ ಹೆಚ್ಚು ಉಳಿಯುವ ಉಪಾಧ್ಯಾಯರ ಗೌರವಧನಕ್ಕೆ ತಿರುಗಿಸಿದರೆ ದತ್ತಿದಾರರ ಹೆಸರಿಗೆ ಕುಂದಾಗದು. ಪರಸ್ಥಳದ ಸ್ಪರ್ಧೆಗೆ ಬಾಲಕಿಯೊಬ್ಬಳು ಹೋಗಬೇಕಾದಾಗ ಜೊತೆಗೆ ಹೋಗುವ ತಾಯಿಯ ಪ್ರಯಾಣದ ವೆಚ್ಚವೂ ಇದೇ ನಿಧಿಯಿಂದ ಸಲ್ಲಬೇಕು. ಎಷ್ಟೋ ಬಾಲಕಿಯರ ಆಟ ನಿಲ್ಲುವುದು ಹಲಗೆಯ ಮೇಲಲ್ಲ, ಬಸ್ಸಿನ ಟಿಕೆಟ್ಟಿನ ಬಳಿ. ಸ್ಪರ್ಧೆಗೆ ಹೋಗಿ ಬಂದ ಮಕ್ಕಳಿಗೆ ತಪ್ಪಿದ ಪಾಠಗಳನ್ನು ಮತ್ತೆ ಹೇಳಿಕೊಡುವುದು ಉಪಾಧ್ಯಾಯರ ಪಾಲಿನ ದಾಸೋಹ. ಶಾಲೆಯೋ ಆಟವೋ ಎಂಬ ಸಂದಿಗ್ಧವನ್ನು ಹತ್ತು ವರ್ಷದ ಮಗುವಿನ ಹೆಗಲಿಗೆ ಏರಿಸುವುದು ನ್ಯಾಯವಲ್ಲ.

ಉಳಿದದ್ದು ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಗೆ ಒಂದು ಸೂಚನೆ. ಆ ವರ್ಷದ ವಿಜೇತರ ಭಾವಚಿತ್ರಗಳ ಎದುರಿನ ಪುಟದಲ್ಲಿ, ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಬಟ್ಟಲು ಪಡೆದವರೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರೂ ಈಗೆಲ್ಲಿದ್ದಾರೆ, ಯಾವ ಕಾಯಕದಲ್ಲಿದ್ದಾರೆ, ಯಾರಿಗಾದರೂ ಆಸರೆ ಬೇಕಾಗಿದೆಯೇ ಎಂಬುದನ್ನು ಹಳೆಯ ವಿದ್ಯಾರ್ಥಿಗಳ ಸಂಘದ ನೆರವಿನಿಂದ ವಿಚಾರಿಸಿ ಅಚ್ಚು ಮಾಡಬೇಕು. ಅದಕ್ಕೆ ಬೇಕಾದ ಹೆಸರು, ಊರು, ತಂದೆಯ ಹೆಸರುಗಳು ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ಈಗಲೂ ಇವೆ.